ಬರಿಗಾಲಿನ ದೂರು

ದ್ವಾರಕಾ, ದೆಹಲಿ
೧೬ ಏಪ್ರಿಲ್ ೨೦೨೫

ಗ್ರೇಟರ್ ನೋಯ್ಡಾದ ಕೃತಕ ಕಾಲಿನ ಕಂಪನಿಯ ಸೀನಿಯರ್ ಇಂಜಿನಿಯರ್ ಸ್ಫೂರ್ತಿ ಮೇಡಂ ಅವರಿಗೆ, ಅದೇ ಕಂಪನಿಯ ಕಾಲು ಹಾಕಿಕೊಂಡು ಬಿದ್ದ ಗ್ರಾಹಕಿ ಜಲಜಾ ಬರೆಯುವುದು.

ಬಾಯಲ್ಲಿ ಹೇಳಿದರೆ ಒಂದು ನಿಮಿಷಕ್ಕೆ ಮುಗಿಯುವ ಮಾತಿಗೆ ನನ್ನನ್ನು ಕಾಗದ ಬರೆಯಲು ಕೂರಿಸಿದ್ದೀರಲ್ಲ, ನಿಮ್ಮ ಕಂಪನಿಗೆ ಬೇರೆ ಕೆಲಸವಿಲ್ಲವೇ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಾಮಾನಿನ ಚೀಟಿ ಬಿಟ್ಟರೆ ಪೆನ್ನು ಹಿಡಿಯುವವಳಲ್ಲ. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬೇರೆ. ಕಾಗದ ಜಾರದ ಹಾಗೆ ಒತ್ತಿ ಹಿಡಿಯಲು ಆಗದೆ ಸಾರಿನ ಪುಡಿಯ ಡಬ್ಬಿ ಹೇರಿ ಬರೆಯುತ್ತಿದ್ದೇನೆ. ಮೂಲೆಯಲ್ಲಿ ಕೆಂಪು ಕಲೆ ಕಂಡರೆ ರಕ್ತ ಅಂತ ಗಾಬರಿಯಾಗಬೇಡಿ, ಮೆಣಸಿನಕಾಯಿ.

ಪಕ್ಕದಲ್ಲಿ ನಮ್ಮ ಯಜಮಾನರು ಅನಂತರಾಮ್ ಕೂತಿದ್ದರು. ಸೆಕ್ಷನ್ ಆಫೀಸರ್ ಆಗಿ ರಿಟೈರ್ ಆದವರಲ್ಲವೇ, ಕಾಗದ ಕಂಡರೆ ಕೈ ಕಡಿಯುತ್ತದೆ. ಮೇಲೆ ‘ವಿಷಯ’ ಅಂತ ಹಾಕು, ಕೆಳಗೆ ‘ಉಲ್ಲೇಖ’ ಅಂತ ಹಾಕು, ಮಧ್ಯದಲ್ಲಿ ‘ಸವಿನಯವಾಗಿ’ ಅಂತ ಸೇರಿಸು ಅಂತ ಶುರುಮಾಡಿದರು. ವಿನಯ ನನ್ನಲ್ಲಿಲ್ಲ, ಹೋಗಿ ಹಾಲು ತನ್ನಿ ಅಂತ ಕಳಿಸಿದ್ದೇನೆ.

ನಿಮ್ಮ ಕಸ್ಟಮರ್ ಕೇರ್ ಹುಡುಗಿ ಪ್ರಕೃತಿ ಹೇಳಿದಳು, “ಮಾತಾಜಿ, ಲಿಖ್ ಕರ್ ದೀಜಿಯೇ, ದೂರನ್ನು ಬರೆದು ಕೊಡಿ, ಯಾವ ಭಾಷೆಯಲ್ಲಿ ಬೇಕಾದರೂ ಕೊಡಬಹುದು, ಕಂಪನಿಯ ರೂಲ್ ಇದೆ” ಅಂತ. ಯಾವ ಭಾಷೆಯಾದರೂ ಆಗುತ್ತದಾ ಅಂತ ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡೆ. ಆ ಕಂಪನಿಯಲ್ಲಿ ಕನ್ನಡ ಓದುವವಳು ಒಬ್ಬಳೇ. ಆ ಒಬ್ಬಳು ನನ್ನ ಫೋನು ಎತ್ತುತ್ತಿಲ್ಲ. ಫೋನು ಎತ್ತದಿದ್ದರೆ ಏನಾಯಿತು, ಈ ಕಾಗದ ಯಾರ ಕೈಗೆ ಹೋದರೂ ತಿರುಗಿ ಅವಳ ಮೇಜಿಗೇ ಬಂದು ಬೀಳಬೇಕು.

ಬಿತ್ತಲ್ಲ? ಮೇಡಂ ಗೀಡಂ ಇಲ್ಲಿಗೆ ಸಾಕು. ಸ್ಫೂರ್ತಿ, ಕೂತುಕೊಂಡು ಓದು. ಒತ್ತಕ್ಷರ ಬಂದರೆ ನೀನು ಎಡವುತ್ತೀಯ ಅಂತ ದೊಡ್ಡದಾಗಿ ಬರೆದಿದ್ದೇನೆ. ಆರ್.ಕೆ. ಪುರಂ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಕೂರಿಸಿಕೊಂಡು ನಾನೇ ಕಲಿಸಿದ ಅಕ್ಷರ. ಬರುವುದಿಲ್ಲ ಅಂತ ನೆಪ ಹೇಳಬೇಡ.

ಪ್ರಕೃತಿ ಫೋನು ಮಾಡಿದ್ದು ಹೋದ ವಾರ. ನಾನು ಬಿದ್ದದ್ದರ ರಿಪೋರ್ಟು ಬಂದಿದೆ, ಓದಿ ಹೇಳುತ್ತೇನೆ ಅಂದಳು. ಬಹಳ ಸಿಹಿಯಾಗಿ ಓದಿದಳು. ನನ್ನದೇನೂ ತಪ್ಪಿಲ್ಲವಂತೆ. ಮನೆಯ ಹೊರಗೂ ಒಳಗೂ ನಾನು ಯಾವಾಗಲೂ ಶೂ ಹಾಕಿಕೊಂಡೇ ನಡೆದಿದ್ದೇನಂತೆ. ಆ ಒಂದು ಪೀಸಿನಲ್ಲಿ ಮಾತ್ರ ಅಂಟು ಸರಿಯಾಗಿ ಕೂತಿರಲಿಲ್ಲವಂತೆ. ಅದಕ್ಕೆ ಕಂಪನಿ ಕ್ಷಮೆ ಕೇಳಿ ಹೊಸ ಕಾಲು ಕಳಿಸುತ್ತಿದೆಯಂತೆ. ನಾನು ಅಂದೆ, ಅಮ್ಮಾ ತಾಯಿ, ನಾನು ಮನೆಯೊಳಗೆ ಒಂದು ದಿನವೂ ಶೂ ಹಾಕಿಲ್ಲ. ಅವಳು ಅಂದಳು, “ಮಾತಾಜಿ, ರಿಪೋರ್ಟ್ ಮೇ ತೋ ಲಿಖಾ ಹೈ.” ಬರೆದಿದ್ದರೆ ಏನಾಯಿತು, ರಿಪೋರ್ಟ್ ಏನು ನಮ್ಮ ಮನೆಯಲ್ಲಿ ಇತ್ತೇನೇ ಅಂತ ಕೇಳಿದೆ. ಹುಡುಗಿ ನಕ್ಕುಬಿಟ್ಟಳು. ನಾನು ನಗಲಿಲ್ಲ. ಯಾರ ಸಹಿ ಇದೆ ಅಂತ ಕೇಳಿದೆ. ನಿನ್ನ ಹೆಸರು ಹೇಳಿದಳು.

ಅವತ್ತೇ ನಿನಗೆ ಫೋನು ಮಾಡಿ ಕೂಗಾಡಿದೆ, ನಿಜ. ಮೀಟಿಂಗಿನಲ್ಲಿ ಇದ್ದೆಯೇನೋ, ನಾಲ್ಕು ಜನರಿಗೆ ನನ್ನ ಗಂಟಲು ಕೇಳಿಸಿತೇನೋ. ನೀನು ಅಂದದ್ದು ಒಂದೇ ಮಾತು. “ಅಮ್ಮಾ, ಪ್ಲೀಸ್, ಇಸ್ ಬಾರ್ ಚುಪ್ ರಹೋ ನಾ, ಇದೊಂದು ಸಲ ಸುಮ್ಮನಿರು. ನಿನ್ನ ಮೇಲೆ ಏನೂ ಬರಬಾರದು ಅಂತಲೇ ಮಾಡಿದ್ದು.” ಅಷ್ಟು ಹೇಳಿ ಇಟ್ಟವಳು ಮತ್ತೆ ಎತ್ತಿಲ್ಲ. ನಿಮ್ಮಪ್ಪ ಹೇಳುತ್ತಾರೆ, ಬಿಡು, ತಣ್ಣಗಾಗಲಿ ಅಂತ. ತಣ್ಣಗಾಗಲು ನಾನೇನು ಹುಗ್ಗಿಯೇ?

ಈಗ ನನ್ನ ದೂರು ಏನು ಅಂತ ಸರಿಯಾಗಿ ಕೇಳಿಸಿಕೋ. ಕಾಲು ಮುರಿದದ್ದಕ್ಕೆ ದೂರು ಅಲ್ಲ. ನನ್ನದು ತಪ್ಪಿಲ್ಲ ಅಂತ ಬರೆದೆಯಲ್ಲ, ಅದಕ್ಕೆ ದೂರು.

ಆ ಕಾಲು ಕೆಟ್ಟದ್ದು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಬಸ್ಸು ನನ್ನ ಕಾಲು ತೆಗೆದುಕೊಂಡಾಗ ನೀನು ಪ್ರೈಮರಿ ಶಾಲೆಯಲ್ಲಿದ್ದೆ. ಆಮೇಲೆ ಅಷ್ಟೂ ವರ್ಷ ರಬ್ಬರ್ ಪಾದ. ಪಾಪ, ಅದೂ ದುಡಿಯಿತು, ಆದರೆ ಕಲ್ಲು ಕಟ್ಟಿಕೊಂಡು ನಡೆದ ಹಾಗೆ. ನೀನು ಈ ಕಪ್ಪು ಕಾಲು ಹಾಕಿಸಿ ಮನೆಗೆ ಕರೆತಂದ ದಿನ ಸೊಸೈಟಿ ಗೇಟಿನಿಂದ ಮೆಟ್ರೋ ಸ್ಟೇಷನ್ನಿನವರೆಗೆ ಒಂದೇ ಉಸಿರಿಗೆ ನಡೆದೆ. ಹೆಜ್ಜೆ ಇಟ್ಟರೆ ಅದು ಬಗ್ಗುತ್ತದೆ, ಎತ್ತುವಾಗ ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದ ಹಾಗೆ ಮುಂದಕ್ಕೆ ಕಳಿಸುತ್ತದೆ. ನಿಮ್ಮಪ್ಪ ಹಿಂದೆ ಬಿದ್ದು ಏದುಸಿರು ಬಿಡುತ್ತಾ “ಲೇ, ನಿಲ್ಲೇ, ಟ್ರೈನು ಓಡಿಹೋಗುವುದಿಲ್ಲ” ಅಂತ ಕೂಗುತ್ತಿದ್ದರು. ಅವರು ನನ್ನ ಹಿಂದೆ ಬಿದ್ದದ್ದು ಮದುವೆಯಾದ ಮೇಲೆ ಅದೇ ಮೊದಲು.

ಅದಾದ ಮೇಲೆ ನಿಮ್ಮ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಒಂದು ಯಂತ್ರ, ಅದರ ತುದಿಗೆ ನನ್ನದೇ ಥರದ ಕಾಲು, ಅದಕ್ಕೊಂದು ಕಂದು ಬಣ್ಣದ ಶೂ. ಹಗಲೂ ರಾತ್ರಿ ಟಪ್ ಟಪ್ ಅಂತ ನಡೆಯುತ್ತಲೇ ಇರುತ್ತದೆ, ಲಕ್ಷಗಟ್ಟಲೆ ಹೆಜ್ಜೆ ಹಾಕಿಸಿ ನೋಡುತ್ತೇವೆ, ಯಾಕೆಂದರೆ ವಸ್ತುವಿಗೂ ದಣಿವಾಗುತ್ತದೆ ಅಂತ ನೀನು ವಿವರಿಸಿದೆ. ಪಾಪ, ಇದಕ್ಕೆ ಶೂ ಬಿಚ್ಚಿ ಒಳಗೆ ಬಾ ಅನ್ನುವವರು ಯಾರೂ ಇಲ್ಲವಾ ಅಂತ ನಾನು ತಮಾಷೆಗೆ ಅಂದೆ. ನಿಮ್ಮ ಸಾಹೇಬರಿಗೆ ನೀನು ಹಿಂದಿಯಲ್ಲಿ ಹೇಳಿ ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ನನಗೇನು ಗೊತ್ತಿತ್ತು? ನನಗೆ ಆ ಶೂ ಕೂಡ ಯಂತ್ರದ ಒಂದು ಭಾಗ ಅಂತಲೇ ಕಂಡಿತ್ತು.

ಕಾಲು ಜೋಡಿಸಿಕೊಡುವ ಸಂದೀಪ್ ಭಯ್ಯಾ ಮೊದಲ ದಿನವೇ ಹೇಳಿದ್ದ, ಮಾತಾಜಿ, ಶೂ ಹಿಮ್ಮಡಿಯ ಎತ್ತರಕ್ಕೆ ಲೆಕ್ಕ ಹಾಕಿ ಕೂರಿಸಿದ್ದೇನೆ, ಬರಿಗಾಲಲ್ಲಿ ನಡೆಯಬೇಡಿ ಅಂತ. ಅಚ್ಛಾ ಅಂದೆ. ಅಚ್ಛಾ ಅಂದರೆ ಕೇಳಿಸಿತು ಅಂತ ಅರ್ಥ, ಮಾಡುತ್ತೇನೆ ಅಂತ ಅಲ್ಲ. ನೀನು ಮನೆಯೊಳಗೆ ಹಾಕಿಕೊಳ್ಳಲಿಕ್ಕೆ ಅಂತ ಬಿಳೀ ಕ್ಯಾನ್ವಾಸ್ ಶೂ ತಂದುಕೊಟ್ಟೆ. “ಅಮ್ಮಾ, ಇದು ಹೊಸದು, ರಸ್ತೆ ಮೇಲೆ ಇಟ್ಟೇ ಇಲ್ಲ, ಮೈಲಿಗೆ ಏನೂ ಆಗಲ್ಲ” ಅಂದೆ. ಅದನ್ನು ಹಾಕಿಕೊಂಡು ಅಡುಗೆಮನೆಗೆ ಹೋಗಲೇ, ದೇವರ ಮುಂದೆ ನಿಲ್ಲಲೇ? ಮೈಲಿಗೆ ಮಾತು ಹಾಗಿರಲಿ, ನನ್ನ ಕೈಲಿ ಆಗುವುದಿಲ್ಲ. ಹೊಸಿಲು ಬಂದರೆ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ. ನನ್ನನ್ನು ಕೇಳಿ ಬಿಡುವುದಿಲ್ಲ. ಅರ್ಧ ಕಾಲು ಇಲ್ಲದಿದ್ದರೂ ಆ ಅಭ್ಯಾಸ ಪೂರ್ತಿ ಇದೆ.

ನೀನು ಇದನ್ನು ನೋಡಿಲ್ಲವೇ? ತಿಂಗಳಿಗೆ ಎರಡು ಭಾನುವಾರ ಬಂದು ನನ್ನ ಕೈಯಲ್ಲಿ ದೋಸೆ ಹಾಕಿಸಿಕೊಂಡು ತಿನ್ನುವಾಗ ನಾನು ಒಲೆ ಮುಂದೆ ಬರಿಗಾಲಲ್ಲೇ ನಿಂತಿದ್ದೆ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತೇನೆ. ಚೌಕಟ್ಟು ಹಿಡಿದು, ಆ ಕಪ್ಪು ಕಾಲಿನ ಬೆರಳ ತುದಿಯ ಮೇಲೆ ಭಾರ ಬಿಟ್ಟು ಏಳುತ್ತೇನೆ. ದೀಪಾವಳಿಯ ದಿನ ನಾನು ಹಾಗೆ ಕೂತದ್ದರ ಫೋಟೋ ತೆಗೆದವಳು ನೀನೇ. ಎಲ್ಲರಿಗೂ ಕಳಿಸಿದೆ. ಒಂದು ಮಾತು ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ನೀನು ಬೈಯಲಿಲ್ಲ. ಯಾಕೆಂದರೆ ನಿನಗೂ ಅದು ತಪ್ಪು ಅಂತ ಕಾಣಿಸಲೇ ಇಲ್ಲ. ಮನೆಯಲ್ಲಿ ಬರಿಗಾಲಲ್ಲಿ ಇರುವುದು ಉಸಿರಾಡುವ ಹಾಗೆ. ಯಾರಾದರೂ ಅದನ್ನು ನೋಡಿ ಬರೆದುಕೊಳ್ಳುತ್ತಾರೆಯೇ?

ಸಂಕ್ರಾಂತಿ ಹೊತ್ತಿಗೆ ಕಾಲು ಟಕ್ ಅನ್ನಲು ಶುರುಮಾಡಿತು. ಹೆಜ್ಜೆ ಎತ್ತುವಾಗ ಒಂದು ಟಕ್. ನಿನಗೆ ಹೇಳಿದೆ. ಬೋಲ್ಟು ಸಡಿಲ ಇರಬೇಕು ಅಂತ ನೀನು ಅಂದೆ. ಸಂದೀಪ್ ಭಯ್ಯಾ ಬಂದು ಬಿಗಿ ಮಾಡಿ ಹೋದ. ಮಾರನೇ ದಿನ ಮತ್ತೆ ಟಕ್. ನಿನಗೆ ಇನ್ನೊಂದು ಸಲ ಹೇಳಿದಾಗ ಲಾಂಚ್ ಇದೆ, ಗಡಿಬಿಡಿ ಇದೆ, ಯುಗಾದಿಗೆ ಬಂದಾಗ ನೋಡುತ್ತೇನೆ ಅಂದೆ. ಆಯಿತು ಅಂತ ನಾನೂ ಬಿಟ್ಟೆ. ದಿನಾ ಸದ್ದು ಮಾಡುವ ಫ್ಯಾನಿನ ಕೆಳಗೇ ಮಲಗುವುದಿಲ್ಲವೇ?

ಯುಗಾದಿಯ ಬೆಳಿಗ್ಗೆ ರಂಗೋಲಿ ಮುಗಿಸಿ ಏಳುವಾಗ ಟಕ್ ಅನ್ನಲಿಲ್ಲ. ಚರ್ರ್ ಅಂತು, ಹೊಸ ಸೀರೆ ಹರಿದ ಹಾಗೆ. ಹೊಸಿಲಿನ ಮೇಲೆ ಅಡ್ಡಲಾಗಿ ಬಿದ್ದೆ. ಎದುರು ಮನೆ ಚೌಧರಿ ಆಂಟಿ ಓಡಿಬಂದು, “ಹಾಯ್ ರಾಮ್, ಟಾಂಗ್ ಟೂಟ್ ಗಯೀ” ಅಂತ ಇಡೀ ಮಹಡಿಗೆ ಕೇಳುವ ಹಾಗೆ ಕೂಗಿದರು. ಕಾಲು ಮೊದಲೇ ಹೋದದ್ದು, ಈಗ ಮುರಿದದ್ದು ಕೈ ಅಂತ ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವರೂ ನಿಮ್ಮಪ್ಪನೂ ಸೇರಿ ಎತ್ತಿ ಸೋಫಾದ ಮೇಲೆ ಕೂರಿಸಿದರು. ಸೀರೆ ತುಂಬ ರಂಗೋಲಿ ಪುಡಿ. ಅಷ್ಟರಲ್ಲಿ ನೀನು ಲಿಫ್ಟಿನಿಂದ ಇಳಿದು ಓಡಿಬಂದೆ.

ಆ ಗಳಿಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ, ಸ್ಫೂರ್ತಿ. ಅಮ್ಮ ಬಿದ್ದಿದ್ದಾಳೆ, ಕೈ ಊದಿದೆ, ಚೌಧರಿ ಆಂಟಿ ಅರಚುತ್ತಿದ್ದಾರೆ. ನಿನ್ನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಆದರೂ ಬಾಗಿಲಲ್ಲಿ ನಿನ್ನ ಕಾಲುಗಳು ಒಂದನ್ನೊಂದು ಒತ್ತಿ ಎರಡೂ ಶೂ ಕಳಚಿ ಹೊರಗೆ ಬಿಟ್ಟವು. ಆಮೇಲೆ ಒಳಗೆ ಬಂದೆ. ನೀನು ಬಿಟ್ಟದ್ದು ನಿನಗೆ ಗೊತ್ತೂ ಇರಲಿಕ್ಕಿಲ್ಲ.

ಬಂದವಳು ನನ್ನ ಕೈ ನೋಡುವ ಮೊದಲು ಕಾಲು ನೋಡಿದೆ. ಅದಕ್ಕೆ ಆಗ ಸಿಟ್ಟು ಬಂದಿತ್ತು, ಈಗ ಇಲ್ಲ. ಮೇಲಿನ ರಬ್ಬರ್ ಕವಚ ಎಳೆದು ತೆಗೆದೆ. ಒಳಗಿನ ಕಪ್ಪು ಹಲಗೆ ಮುಂದಿನ ತುದಿಯಲ್ಲಿ ಪದರ ಪದರವಾಗಿ ಬಾಯಿ ಬಿಟ್ಟಿತ್ತು. ನಾನು ಅಂದೆ, ಇದೇನೇ, ಚಿರೋಟಿ ಆಗಿದೆ. ನೀನು ಅಳುತ್ತಾ ನಕ್ಕೆ. ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ ನನ್ನ ಗಮನ ಬೇರೆ ಕಡೆ ಇರಲಿ ಅಂತ ಎಲ್ಲವನ್ನೂ ಹೇಳಿದೆ. ಕಾರ್ಬನ್ನಿನ ದಾರದಿಂದ ನೇಯ್ದ ಬಟ್ಟೆ, ಒಂದರ ಮೇಲೊಂದು ಹಾಸಿ ಅಂಟು ಹಾಕಿ ಬೇಯಿಸುತ್ತೇವೆ. ದಾರ ಉಕ್ಕಿಗಿಂತ ಗಟ್ಟಿ, ಅದು ಹರಿಯುವುದಿಲ್ಲ. ಆದರೆ ಪ್ರತಿ ಹೆಜ್ಜೆಗೂ ಪದರಗಳು ಒಂದರ ಮೇಲೊಂದು ಜಾರಲು ನೋಡುತ್ತವೆ, ಅಂಟು ಹಿಡಿದಿಟ್ಟುಕೊಳ್ಳುತ್ತದೆ. ದಿನಾ ಹೀಗಾಗಿ ಅಂಟು ದಣಿಯುತ್ತದೆ, ಒಳಗೆ ಎಲ್ಲೋ ಕೂದಲೆಳೆಯಷ್ಟು ಬಿಡುತ್ತದೆ, ಅದು ಮೆಲ್ಲಗೆ ಹರಡುತ್ತದೆ, ಹೊರಗೆ ಹೊಳಪು ಹೊಳಪಾಗಿಯೇ ಇರುತ್ತದೆ. ಚಿರೋಟಿಯಲ್ಲಿ ಪದರ ಬಿಡಲಿ ಅಂತ ನಡುವೆ ತುಪ್ಪ ಸವರುತ್ತೇವೆ, ನೀನು ಬಿಡಬಾರದು ಅಂತ ಅಂಟು ಸವರುತ್ತೀಯ, ಅಷ್ಟೇ ತಾನೇ ಅಂತ ನಾನು ಕೇಳಿದೆ. ಹೌದಮ್ಮ, ಅಷ್ಟೇ ಅಂತ ನೀನು ಅಂದೆ.

ಆಮೇಲೆ ನೀನೇ, ನಾನು ಕೇಳದೇ ಇದ್ದರೂ, ನೆಲ ನೋಡುತ್ತಾ ಒಂದು ಮಾತು ಹೇಳಿದೆ. ಶೂ ಇಲ್ಲದೆ ನಡೆದರೆ ಹಿಮ್ಮಡಿ ಕೆಳಗಾಗುತ್ತದೆ, ದೇಹವನ್ನು ಮುಂದಕ್ಕೆ ಹಾಯಿಸಲು ಬೆರಳ ಕಡೆ ಜಾಸ್ತಿ ಒತ್ತಬೇಕಾಗುತ್ತದೆ. ರಂಗೋಲಿಗೆ ಕೂತಾಗ ಪೂರ್ತಿ ಭಾರ ಅಲ್ಲೇ. ಬಿಟ್ಟಿರುವುದೂ ಸರಿಯಾಗಿ ಅಲ್ಲೇ. “ನಾವು ಮಷೀನಿಗೆ ಹಾಗೆ ಮಾಡಿಸಲೇ ಇಲ್ಲ, ಅಮ್ಮ” ಅಂದೆ. ನೆನಪಿದೆಯೋ ಇಲ್ಲವೋ. ನನಗಿದೆ. ಪ್ಲಾಸ್ಟರ್ ಹಾಕುವ ಮೊದಲು ಹೇಳಿದ್ದು.

ಇಷ್ಟೆಲ್ಲ ಗೊತ್ತಿದ್ದವಳು ಹೋಗಿ ಏನು ಬರೆದೆ? ಅಮ್ಮ ಮನೆಯಲ್ಲಿ ಶೂ ಹಾಕುತ್ತಾಳೆ ಅಂತ ಬರೆದೆ.

ನಾನು ಯೋಚಿಸಿ ನೋಡಿದೆ. ಬೇರೆ ಏನು ಬರೆದಿದ್ದರೂ ನಿನಗೆ ಕಷ್ಟವಿತ್ತು. ಬರಿಗಾಲಲ್ಲಿ ನಡೆದಳು ಅಂತ ಬರೆದಿದ್ದರೆ ಹೇಳಿದ ಮಾತು ಕೇಳದ ಮುದುಕಿ ಅಂತ ನನ್ನ ಹೆಸರು ಕೆಡುತ್ತಿತ್ತು, ಹೊಸ ಕಾಲೂ ಸಿಗುತ್ತಿರಲಿಲ್ಲ. ಅದರ ಮೇಲೆ ಯಾರಾದರೂ ಬುದ್ಧಿವಂತರು, ಈ ದೇಶದಲ್ಲಿ ಮನೆಯೊಳಗೆ ಶೂ ಹಾಕುವವರು ಯಾರಿದ್ದಾರೆ, ಆ ಯಂತ್ರದ ಪರೀಕ್ಷೆ ಗೊತ್ತುಮಾಡಿದವರು ಯಾರು ಅಂತ ಕೇಳುತ್ತಿದ್ದರು. ಗೊತ್ತುಮಾಡಿದವಳು ನೀನು. ಅದಕ್ಕೇ ಯಾರಿಗೂ ನೋವಾಗದ ಹಾಗೆ ಒಂದು ಪೀಸಿನ ಅಂಟಿನ ಮೇಲೆ ಹಾಕಿದೆ. ಅಂಟಿಗೆ ಬಾಯಿ ಇಲ್ಲವಲ್ಲ.

ನನ್ನ ಸಲುವಾಗಿ ಮಾಡಿದೆ ಅಂದೆ. ಹಾಗಾದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು. ನನ್ನನ್ನು ಕಾಪಾಡಲು ನಾನೇನು ಕೂಸೇ? ನಿಮ್ಮ ಕಂಪನಿಯವರು ವೇದಿಕೆ ಹತ್ತಿಸಿ, ಅಮ್ಮನಿಗಾಗಿ ಕಾಲು ಮಾಡಿದ ಮಗಳು ಅಂತ ಪೋಸ್ಟರ್ ಹಾಕಿಸಿ, ಮೈಸೂರು ಸಿಲ್ಕ್ ಸೀರೆಯ ಕೆಳಗೆ ಓಟದ ಶೂ ಹಾಕಿಸಿ ನಡೆಸಿದಾಗ ನಿನ್ನ ಮುಖ ನೋಡಿ ಸಹಿಸಿದೆ. ಈಗ ಆ ಫೋಟೋದಲ್ಲಿರುವವಳೇ ನಾನು, ಮನೆಯಲ್ಲಿರುವವಳು ನಾನಲ್ಲ ಅಂತ ನೀನೇ ಬರೆದುಕೊಟ್ಟರೆ ಅದನ್ನು ಸಹಿಸುವುದಿಲ್ಲ.

ಇಷ್ಟೇ ಆಗಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮಹಂತೇಶ್ ಇದ್ದಾನೆ.

ಅವನನ್ನು ಮರೆತಿಲ್ಲ ತಾನೇ? ಅಂಗಡಿಗೆ ಬಿಡುವ ಮೊದಲು ಹಾಕಿಕೊಂಡು ನೋಡಲಿ ಅಂತ ನಿಮ್ಮ ಕಂಪನಿ ಆರಿಸಿದ ನಾವೆಲ್ಲ ಮೊದಲ ಸಲ ಕಾಲು ಹಾಕಿಸಿಕೊಳ್ಳಲು ಬಂದಾಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಬಾಗಲಕೋಟೆಯ ಹುಡುಗ, ಇಲ್ಲೇ ದೆಹಲಿಯ ರೋಹಿಣಿ ಬಡಾವಣೆಯಲ್ಲಿ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಇರುವವನು. ಅವತ್ತಿನಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಮೊನ್ನೆ ಮಾಡಿ, “ಅಮ್ಮಾರ, ನಿಮ್ಮ ಕಾಲು ಮುರೀತಂತಲ್ರೀ, ಹೆಂಗ ಅದೀರಿ?” ಅಂತ ವಿಚಾರಿಸಿದ. ನಿನ್ನ ಕಾಲು ಹೇಗಿದೆಯೋ ಅಂತ ಕೇಳಿದೆ. “ಒಂದೀಟು ಟಕ್ ಟಕ್ ಅಂತೈತ್ರಿ, ಅಷ್ಟ” ಅಂದ. ಫೋನನ್ನು ಕಾಲ ಹತ್ತಿರ ಹಿಡಿದು ನಡೆ ಅಂದೆ. ನಡೆದ. ಅದೇ ಸದ್ದು. ಯಾರದ್ದೋ ಮನೆಯಲ್ಲಿ ನಮ್ಮ ಮನೆ ಬಾಗಿಲಿನ ಸದ್ದು ಕೇಳಿಸಿದ ಹಾಗಾಯಿತು.

ಮನೆಯಲ್ಲಿ ಶೂ ಹಾಕುತ್ತೀಯೇನೋ ಅಂದರೆ ನಕ್ಕ. “ಲಿಂಗಪೂಜಿಗೆ ಶೂ ಹಾಕ್ಕೊಂಡು ಕುಂದರ್ಲೇನ್ರೀ?” ಅಂದ. ಬಿಚ್ಚಿಡಪ್ಪಾ, ಹಳೇ ಕಾಲು ಹಾಕಿಕೋ ಅಂತ ಬೇಡಿಕೊಂಡೆ. ಅವನು ಕಸ್ಟಮರ್ ಕೇರ್‌ಗೆ ಕೇಳಿದ್ದಾನಂತೆ. ಒಂದೇ ಪೀಸು ಕೆಟ್ಟಿತ್ತು, ನಿಮ್ಮದರಲ್ಲಿ ಆ ದೋಷ ಇಲ್ಲ ಅಂತ ಉತ್ತರ ಬಂದಿದೆಯಂತೆ. ನಾನು ಇನ್ನೂ ಜೋರು ಮಾಡಿದಾಗ ಹೇಳಿದ, “ಅಮ್ಮಾರ, ಸಿಟ್ಟಾಗಬ್ಯಾಡ್ರೀ. ನೀವು ಹೇಳೋದು ನಂಬ್ಲೋ, ರಿಪೋರ್ಟ್ ನಂಬ್ಲೋ? ಸ್ಫೂರ್ತಿ ಮೇಡಮ್ಮಾರ ಸಹೀನ ಐತಲ್ರೀ.”

ಅವನ ಮುಂದೆ ನನ್ನ ಮಗಳು ಸುಳ್ಳಿ ಅಂತ ಹೇಳಲೇ? ಹೇಳಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ನನ್ನಂಥ ಬಾಯಿಹರುಕಿ ಮಾತು ನುಂಗಿದ್ದಕ್ಕೆ ನೀನೇ ಕಾರಣ, ನೆನಪಿಟ್ಟುಕೋ.

ಅವನ ಮಗಳು ಅನನ್ಯಾಗೆ ಮೂರು ವರ್ಷ. ಹಳೇ ಕಾಲಿನಲ್ಲಿ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವ ಧೈರ್ಯ ಅವನಿಗೆ ಇರಲಿಲ್ಲ. ಈ ಕಾಲು ಬಂದ ಮೇಲೆ ಸಂಜೆಯಾದರೆ ಹೆಗಲ ಮೇಲೆ ಕೂರಿಸಿಕೊಂಡು ತಾರಸಿಗೆ ಹತ್ತಿಸಿ ಗಾಳಿಪಟ ತೋರಿಸುತ್ತಾನೆ, ಹಾಗೇ ಇಳಿಸುತ್ತಾನೆ. ಬರಿಗಾಲಲ್ಲಿ, ಯಾಕೆಂದರೆ ಅದೂ ಮನೆಯೇ. ಅವನ ಹೆಂಡತಿ ತೆಗೆದ ವಿಡಿಯೋ ನನಗೆ ಕಳಿಸಿದ. ಮಗು ಅಪ್ಪನ ಕೂದಲು ಹಿಡಿದುಕೊಂಡು ಕಿಲಕಿಲ ನಗುತ್ತದೆ. ನೀನು ನೋಡಬೇಕು. ನಿನಗೂ ಕಳಿಸಿದೆ, ತೆರೆದು ನೋಡಿದ ಗುರುತು ಬಂದಿಲ್ಲ. ನಾನು ಬಿದ್ದದ್ದು ಹೊಸಿಲ ಮೇಲೆ, ಸಪಾಟು ನೆಲ. ಅವನು ಇಳಿಯುವುದು ಮೆಟ್ಟಿಲು. ಉಳಿದದ್ದನ್ನು ನಾನು ಬರೆಯುವುದಿಲ್ಲ, ಕೆಟ್ಟ ಮಾತು ಬರೆಯಬಾರದು.

ಇನ್ನು ಮೇ ತಿಂಗಳಿಗೆ ಅಂಗಡಿಗೆ ಬಿಡುತ್ತೀರಂತೆ. ಆಮೇಲೆ ಎಷ್ಟು ಮಹಂತೇಶರು? ಒಬ್ಬೊಬ್ಬರಿಗೂ ಫೋನು ಮಾಡಿ ಟಕ್ ಅನ್ನುತ್ತಾ ಅಂತ ಕೇಳುವುದು ನನ್ನ ಕೆಲಸವೇ?

ನಿನ್ನ ಕಷ್ಟ ನನಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡ. ನಿಮ್ಮ ಸಾಹೇಬರು ಏನನ್ನುತ್ತಾರೋ, ಕೆಲಸ ಇರುತ್ತದೋ ಹೋಗುತ್ತದೋ, ನನಗೆ ತಿಳಿಯದು. ಕಾಲು ಮಾಡುವುದು ನಿನಗೆ ಬರುತ್ತದೆ. ಅದನ್ನು ನಾನು ಹಾಕಿಕೊಂಡು ನೋಡಿದ್ದೇನೆ, ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಶೂ ಇಲ್ಲದವರಿಗೂ ಅದನ್ನು ಮಾಡಲು ನಿನಗೆ ಬರುತ್ತದೆ ಅಂತಲೂ ಗೊತ್ತು. ಆದರೆ ಶೂ ಹಾಕುತ್ತಾಳೆ ಅಂತ ಬರೆದಿಟ್ಟ ಮೇಲೆ ಯಾಕೆ ಮಾಡುತ್ತೀಯ? ಮಾಡು ಅಂತ ನಿನಗೆ ಹೇಳುವವರಾದರೂ ಯಾರು?

ಈ ಕಾಗದದ ಜೊತೆ ಪೊಟ್ಟಣದಲ್ಲಿ ಆ ಬಿಳೀ ಕ್ಯಾನ್ವಾಸ್ ಶೂ ಕಳಿಸಿದ್ದೇನೆ. ತಿರುಗಿಸಿ ಅಡಿ ನೋಡು. ಒಂದು ಧೂಳಿನ ಕಣ ಇದ್ದರೆ ನನ್ನ ಕಿವಿ ಕತ್ತರಿಸು. ನಿಮ್ಮ ಸಾಹೇಬರ ಮೇಜಿನ ಮೇಲೆ ಇಡು. ಜಲಜಾ ಅನ್ನುವ ಹೆಂಗಸು ಮನೆಯೊಳಗೆ ಶೂ ಹಾಕಿಲ್ಲ, ಹಾಕುವುದೂ ಇಲ್ಲ, ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕಿದ್ದಾಳೆ, ಹಾಗೆ ಮಾಡಿಯೇ ಪದರ ಬಿಟ್ಟಿದೆ ಅಂತ ರಿಪೋರ್ಟು ತಿದ್ದಿ ಬರೆ. ನನ್ನ ತಪ್ಪು ಅಂತ ಬೇಕಾದರೆ ಬರೆದುಕೋ, ದಪ್ಪಕ್ಷರದಲ್ಲಿ ಬರೆದುಕೋ. ಮಹಂತೇಶನಿಗೂ ಮಿಕ್ಕವರಿಗೂ ನೀನೇ, ನಿನ್ನ ಬಾಯಿಂದ, ಈಗ ಕಾಲು ಬಿಚ್ಚಿಡಿ ಅಂತ ಹೇಳು. ನಿನ್ನ ಮಾತು ಕೇಳುತ್ತಾರೆ. ಆಮೇಲೆ ಆ ಯಂತ್ರದ ಶೂ ಬಿಚ್ಚು.

ನೀವು ಕಳಿಸಿದ ಹೊಸ ಕಾಲಿನ ಪೆಟ್ಟಿಗೆ ಬೀರುವಿನ ಮೇಲಿದೆ, ಅದರ ಟೇಪು ಕೂಡ ಬಿಚ್ಚಿಲ್ಲ. ಹಳೇ ರಬ್ಬರ್ ಪಾದದಲ್ಲೇ ಓಡಾಡುತ್ತಿದ್ದೇನೆ, ನನ್ನ ಚಿಂತೆ ಬೇಡ. ನಿಮ್ಮಪ್ಪ ಹಾಲು ತಂದರು. ಏನೇನು ಬರೆದೆ, ಸಹಿಯ ಮೇಲೆ ‘ತಮ್ಮ ವಿಶ್ವಾಸಿ’ ಅಂತ ಹಾಕಿದೆಯಾ ಅಂತ ಕೇಳುತ್ತಿದ್ದಾರೆ. ಹಾಕುವುದಿಲ್ಲ.

ಬೈದದ್ದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದೇ ಬೈದಿರುವ,

ನಿನ್ನ ಅಮ್ಮ
ಜಲಜಾ

ಇನ್ನೊಂದು ಮಾತು. ಪೆಟ್ಟಿಗೆಯ ಟೇಪು ಬಿಚ್ಚಿಲ್ಲ ಅಂದೆನಲ್ಲ, ಅದು ಸುಳ್ಳು. ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ದರು, ಅವರು ಓದಲಿ ಅಂತ ಹಾಗೆ ಬರೆದೆ. ಈಗ ಸ್ನಾನಕ್ಕೆ ಹೋಗಿದ್ದಾರೆ. ಪೆಟ್ಟಿಗೆ ಬಂದ ದಿನವೇ, ನಿಮ್ಮಪ್ಪ ಹೊರಗೆ ಹೋಗಿದ್ದಾಗ, ಸಂದೀಪ್ ಭಯ್ಯಾನನ್ನು ಕರೆಸಿ ಹಾಕಿಸಿಕೊಂಡೆ; ಸೀರೆಯ ಕೆಳಗೆ ಯಾವ ಕಾಲಿದೆ ಅಂತ ಅವರು ಬಗ್ಗಿ ನೋಡುವವರಲ್ಲ. ಶೂ ಹಾಕುತ್ತೇನೆ ಅಂತ ಹೇಳಿ ಹಾಕಿಸಿಕೊಂಡದ್ದು, ಅವನನ್ನು ಬೈಯಬೇಡ. ಅವತ್ತಿನಿಂದ ಮನೆಯೊಳಗೆ ಇದೇ ಕಾಲಿನಲ್ಲಿ, ಬರಿಗಾಲಲ್ಲೇ ಇದ್ದೇನೆ. ಬೆಳಿಗ್ಗೆ ರಂಗೋಲಿಗೂ ಕೂರುತ್ತೇನೆ. ನಿಮ್ಮ ಯಂತ್ರ ಮಾಡದ ಕೆಲಸವನ್ನು ಯಾರಾದರೂ ಮಾಡಬೇಕಲ್ಲ. ಇವತ್ತಿನವರೆಗೆ ಸದ್ದು ಬಂದಿಲ್ಲ. ನೀನು ತಿದ್ದಿ ಬರೆದ ರಿಪೋರ್ಟು ನನ್ನ ಕೈಗೆ ಬಂದ ದಿನ ಬಿಚ್ಚಿಡುತ್ತೇನೆ, ಅಲ್ಲಿಯವರೆಗೆ ಬಿಚ್ಚುವುದಿಲ್ಲ. ನೀವು ಅಂಗಡಿಗೆ ಬಿಡುವ ಮೊದಲೇ, ಏಪ್ರಿಲ್ ಇಪ್ಪತ್ತೈದರೊಳಗೆ ಉತ್ತರ ಬರಬೇಕು.